ಚನ್ನಪಟ್ಟಣದ ಮರದ ಆಟಿಕೆ: ಎರಡು ತಿಂಗಳು ಮಕ್ಕಳ ಕೈಗೆ ಕೊಟ್ಟು ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಚನ್ನಪಟ್ಟಣಕ್ಕೆ ಹೋದರೆ ದುಂಡಗಿರುವ ಆಟಿಕೆ ಕಣ್ಣು ಮುಚ್ಚಿ ಕೊಳ್ಳಿ, ಚಪ್ಪಟೆ ಇರುವುದನ್ನು ಹತ್ತು ಸಲ ತಿರುಗಿಸಿ ನೋಡಿ ಕೊಳ್ಳಿ. ಯಾಕೆ ಅಂತ ಮುಂದೆ ಬರೆದಿದ್ದೇನೆ. ತಂದ ದಿನವೇ ಫೋಟೊ ಹಾಕಿ ಸೂಪರ್ ಅಂತ ಬರೆಯುವುದು ಸುಲಭ, ಆದರೆ ಮಕ್ಕಳ ಸಾಮಾನು ಹೇಗಿದೆ ಅಂತ ನಿಜವಾಗಿ ಗೊತ್ತಾಗುವುದು ಮನೆಯಲ್ಲಿ ಕಷ್ಟದ ವಾರ ಬಂದಾಗ. ನಮಗೆ ಅಂಥ ವಾರ ಒಂದಲ್ಲ, ಸಾಲಾಗಿ ನಾಲ್ಕು ಬಂದವು. ಅದಕ್ಕೇ ಇಷ್ಟು ತಡವಾಗಿ, ಇಷ್ಟು ಉದ್ದವಾಗಿ ಬರೆಯುತ್ತಿದ್ದೇನೆ.

ನಮ್ಮ ಮನೆ ಕೆಂಗೇರಿ ಕಡೆ. ಮಗನಿಗೆ ಐದೂವರೆ, ಯುಕೆಜಿ. ಮಗಳಿಗೆ ಫೆಬ್ರವರಿಯಲ್ಲಿ ಎರಡು ತುಂಬಿತು. ಅತ್ತೆ ನಮ್ಮ ಜೊತೆಗೇ ಇದ್ದಾರೆ. ಇವರು ಆಫೀಸಿಗೆ ಹೋಗುತ್ತಾರೆ, ನಾನು ಮನೆಯಲ್ಲೇ ಕೂತು ಮೂರ್ನಾಲ್ಕು ಅಂಗಡಿಗಳ ಲೆಕ್ಕ ನೋಡಿಕೊಳ್ಳುತ್ತೇನೆ, ಜಿಎಸ್‌ಟಿ, ಬಿಲ್ಲು, ಅದೂ ಇದೂ. ಮಾರ್ಚ್ ಅಂದರೆ ಊರಿಗೆಲ್ಲ ವಸಂತ, ನನಗೆ ವರ್ಷದ ಲೆಕ್ಕ ಮುಗಿಸುವ ತಿಂಗಳು. ಅದೇ ತಿಂಗಳು ಮಗನ ಸ್ಕೂಲೂ ಮುಗಿಯುತ್ತದೆ. ಮಕ್ಕಳಿಬ್ಬರೂ ಮನೆಯಲ್ಲಿ, ಬಿಸಿಲು ಏರುತ್ತಾ ಇರುತ್ತದೆ, ಹತ್ತು ಗಂಟೆ ಆದಮೇಲೆ ಪಾರ್ಕಿಗೆ ಕರೆದುಕೊಂಡು ಹೋಗುವ ಹಾಗಿಲ್ಲ. ಮೊಬೈಲ್ ಕೊಡದೆ ಆ ದಿನಗಳನ್ನು ಕಳೆಯಬೇಕು ಅನ್ನುವ ಆಸೆ ನನಗೆ ಹೋದ ವರ್ಷದಿಂದಲೂ ಇತ್ತು.

ಮಗಳ ಹುಟ್ಟುಹಬ್ಬಕ್ಕೆ ಕೇಕು ಬಲೂನು ಬೇಡ, ಚನ್ನಪಟ್ಟಣಕ್ಕೆ ಹೋಗಿ ಬರೋಣ ಅಂದರು ಇವರು. 2025ರ ಶಿವರಾತ್ರಿಗೆ ಮೂರು ದಿನ ಮುಂಚಿನ ಭಾನುವಾರ ಕೆಂಗೇರಿಯಲ್ಲಿ ರೈಲು ಹತ್ತಿದೆವು. ಮಗನಿಗೆ ಅರ್ಧ ಟಿಕೆಟ್, ಮಗಳಿಗೆ ಟಿಕೆಟ್ ಇಲ್ಲ. ಸಣ್ಣ ಮಕ್ಕಳಿದ್ದರೆ ರೈಲೇ ಸರಿ, ಇದನ್ನು ಒತ್ತಿ ಹೇಳುತ್ತೇನೆ. ಬೆಂಗಳೂರಿನಿಂದ ಚನ್ನಪಟ್ಟಣ ಸುಮಾರು 60 ಕಿಲೋಮೀಟರು, ಕೆಂಗೇರಿಯಿಂದ ಇನ್ನೂ ಹತ್ತಿರ. ಬಿಡದಿ ದಾಟಿ ರಾಮನಗರದ ಬಂಡೆ ಬೆಟ್ಟಗಳು ಬಂದಾಗ ಮಗ ಕಿಟಕಿ ಬಿಟ್ಟು ಅಲ್ಲಾಡಲಿಲ್ಲ. ಮಗಳು ಮಾತ್ರ ಕೆಳಗೆ ಇಳಿಸು, ಮೇಲೆ ಎತ್ತು, ಕೆಳಗೆ ಇಳಿಸು. ಡಬ್ಬಿಯಲ್ಲಿ ತಂದಿದ್ದ ಅವಲಕ್ಕಿಯಲ್ಲಿ ಅರ್ಧ ಸೀಟಿಗೆ, ಅರ್ಧ ಅವಳ ಬಟ್ಟೆಗೆ. ಪಕ್ಕದಲ್ಲಿ ಕೂತಿದ್ದ ಅಜ್ಜಿಯೊಬ್ಬರು ಏನೂ ಅಂದುಕೊಳ್ಳದೆ ಒರೆಸಿಕೊಟ್ಟರು. ಅವರಿಗೆ ಒಳ್ಳೆಯದಾಗಲಿ.

ಊರಲ್ಲಿ ಆಟಿಕೆ ಅಂಗಡಿಗಳು ಹೆಚ್ಚಾಗಿ ಹಳೇ ಮೈಸೂರು ರಸ್ತೆಯ ಎರಡೂ ಬದಿಯಲ್ಲಿವೆ. ಹೊಸ ಎಕ್ಸ್‌ಪ್ರೆಸ್‌ವೇ 2023ರ ಮಾರ್ಚ್‌ನಲ್ಲಿ ಉದ್ಘಾಟನೆ ಆಯಿತಲ್ಲ, ಅದು ಊರನ್ನು ಬಳಸಿಕೊಂಡು ಹೊರಗಿನಿಂದಲೇ ಹೋಗುತ್ತದೆ. ಮೊದಲು ಮೈಸೂರಿಗೆ ಹೋಗುವವರೆಲ್ಲ ಟೀ ಕುಡಿಯಲು ನಿಲ್ಲಿಸಿ ಮಕ್ಕಳಿಗೊಂದು ಗೊಂಬೆ ಕೊಂಡು ಹೋಗುತ್ತಿದ್ದರು, ಈಗ ಬೇಕು ಅಂತಲೇ ಬರುವವರು ಮಾತ್ರ ಬರುತ್ತಾರೆ ಎಂದು ಒಬ್ಬ ಅಂಗಡಿಯವರು ಹೇಳಿದರು. ಭಾನುವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಅವರ ಅಂಗಡಿಯಲ್ಲಿ ಇದ್ದದ್ದು ನಾವು ಮಾತ್ರ. ಅದನ್ನು ಕೇಳಿ ನನಗೆ ನಿಜವಾಗಿಯೂ ಬೇಜಾರಾಯಿತು. ನಮ್ಮ ಮಕ್ಕಳಿಗೆ ಅರ್ಧ ಗಂಟೆ ಒಂದೊಂದನ್ನೂ ಮುಟ್ಟಿ ನೋಡಲು ಬಿಟ್ಟರು, ಒಂದು ಸಲವೂ ಗದರಲಿಲ್ಲ.

ಆದರೆ ನಾನು ನಿಮಗೆ ಹೇಳುವುದು, ಅಂಗಡಿಗೆ ಮೊದಲು ಹೋಗಬೇಡಿ, ಕಲಾನಗರದ ಕಡೆ ಹೋಗಿ. ಅಲ್ಲಿ ಮನೆಗಳಲ್ಲೇ ಸಣ್ಣ ಸಣ್ಣ ಕಾರ್ಖಾನೆಗಳಿವೆ. ಕೇಳಿಕೊಂಡರೆ ಒಳಗೆ ಬಿಡುತ್ತಾರೆ. ನಾವು ಹೋದ ಮನೆಯಲ್ಲಿ ಒಬ್ಬ ಹೆಂಗಸು ಲೇತ್ ಮುಂದೆ ಕೂತು ಗಿಲಕಿ ಮಾಡುತ್ತಿದ್ದರು. ಆಲೆ ಮರದ ತುಂಡು, ಹಾಲಿನ ಹಾಗೆ ಬಿಳಿ. ಅದನ್ನು ತಿಂಗಳುಗಟ್ಟಲೆ ಒಣಗಿಸಿಟ್ಟು ಆಮೇಲೆ ಕೆಲಸಕ್ಕೆ ತೆಗೆದುಕೊಳ್ಳುತ್ತಾರಂತೆ, ಇಲ್ಲದಿದ್ದರೆ ಬಿರುಕು ಬಿಡುತ್ತದೆ. ತುಂಡು ಗಿರ್ ಎಂದು ತಿರುಗುತ್ತಿರುತ್ತದೆ, ಅವರು ಉಳಿ ಹಿಡಿದರೆ ಸುರುಳಿ ಸುರುಳಿ ಸಿಪ್ಪೆ ಹಾರುತ್ತದೆ. ಆಮೇಲೆ ಬಣ್ಣದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿದರು. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತಿಕೊಂಡಿತು. ಕುಂಚ ಇಲ್ಲ, ಪೇಂಟ್ ಡಬ್ಬಿ ಇಲ್ಲ. ಕೊನೆಗೆ ಕೇದಗೆ ಗರಿಯ ತುಂಡು ಹಿಡಿದು ಉಜ್ಜಿದರು, ಕನ್ನಡಿ ತರಹ ಹೊಳಪು ಬಂತು. ಇಷ್ಟೂ ಆಗಲು ಐದು ನಿಮಿಷ ಆಗಿರಬಹುದು. ಮಗ ಬಾಯಿ ಬಿಟ್ಟುಕೊಂಡು ನಿಂತಿದ್ದ. ಅವನಿಗೆ ಒಂದು ಹಿಡಿ ಮರದ ಸಿಪ್ಪೆ ಕೊಟ್ಟರು, ಅದು ಈಗಲೂ ಅವನ ಪೆನ್ಸಿಲ್ ಬಾಕ್ಸಿನಲ್ಲಿದೆ.

ಅಲ್ಲೇ ಕೂತಿದ್ದ ಅವರ ಮಾವ ಊರಿನ ಕಥೆ ಹೇಳಿದರು. ಟಿಪ್ಪುವಿನ ಕಾಲದಲ್ಲಿ ಪರ್ಷಿಯಾದ ಕೆಲಸಗಾರರು ಬಂದು ಕಲಿಸಿದರು ಅನ್ನುವುದು ಅಲ್ಲಿ ಎಲ್ಲರ ಬಾಯಲ್ಲೂ ಇರುವ ಮಾತು. ಆಮೇಲೆ ಬಾವಾಸ್ ಮಿಯಾನ್ ಎನ್ನುವವರು ಜಪಾನಿನ ಕೆಲಸದ ರೀತಿಯನ್ನು ಕಲಿತು ಬಂದು ಊರಿನವರಿಗೆ ಹೇಳಿಕೊಟ್ಟರಂತೆ. ಅವರ ಹೆಸರು ಹೇಳುವಾಗ ಆ ಹಿರಿಯರು ಕೈ ಎದೆಗೆ ಮುಟ್ಟಿಸಿಕೊಂಡರು.

ಈಗ ದುಂಡು ಚಪ್ಪಟೆ ವಿಷಯಕ್ಕೆ ಬರುತ್ತೇನೆ. ಅರಗು ಹತ್ತುವುದು ತಿರುಗುವ ಬಿಸಿಗೆ. ಅಂದರೆ ಲೇತ್ ಮೇಲೆ ತಿರುಗಿಸಿ ಮಾಡಿದ ದುಂಡು ಭಾಗಕ್ಕೆ ಮಾತ್ರ ಈ ಕೆಲಸ ಆಗುತ್ತದೆ. ಬುಗುರಿ, ಗಿಲಕಿ, ಬಳೆ, ಬಿಂದಿಗೆ, ಚಕ್ರ, ಇವೆಲ್ಲ ದುಂಡು. ಹಲಗೆ ಕತ್ತರಿಸಿ ಮಾಡಿದ ರೈಲಿನ ಪಕ್ಕದ ಗೋಡೆ, ಒಗಟು ಜೋಡಿಸುವ ಹಲಗೆ, ಗೊಂಬೆಯ ಕಣ್ಣು ಮೂಗು, ಇವಕ್ಕೆ ಕುಂಚದಲ್ಲೇ ಬಣ್ಣ ಹಾಕಬೇಕು. ಆ ಬಣ್ಣ ಯಾವುದು ಅನ್ನುವುದು ಮಾಡಿದವರಿಗೆ ಗೊತ್ತು, ಕೊಳ್ಳುವವರಿಗೆ ಗೊತ್ತಾಗುವುದಿಲ್ಲ. ಈ ಒಂದು ಮಾತು ಆ ಮನೆಯಲ್ಲಿ ನಿಂತು ನೋಡಿದ್ದರಿಂದ ನನಗೆ ತಿಳಿಯಿತು. ತಿಳಿದೂ ಒಂದು ಕಡೆ ಎಡವಿದೆ, ಅದನ್ನೂ ಹೇಳುತ್ತೇನೆ.

ಇನ್ನೊಂದು ವಿಷಯ. 2021ರ ಜನವರಿ 1ರಿಂದ ನಮ್ಮ ದೇಶದಲ್ಲಿ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ಆದರೆ ನೋಂದಾಯಿಸಿಕೊಂಡ ಕರಕುಶಲಗಾರರ ಆಟಿಕೆಗೂ ಜಿಐ ಟ್ಯಾಗ್ (ಇಂಥ ಊರಿನದೇ ವಸ್ತು ಅನ್ನುವ ಅಧಿಕೃತ ಗುರುತು) ಇರುವ ಆಟಿಕೆಗೂ ಅದರಿಂದ ವಿನಾಯಿತಿ ಇದೆ. ಚನ್ನಪಟ್ಟಣದ ಆಟಿಕೆಗೆ ಜಿಐ ಟ್ಯಾಗ್ ಇದೆ. ಹಾಗಾಗಿ ಗುರುತು ಕಾಣದಿದ್ದರೆ ಮೋಸ ಅಂತ ಅಲ್ಲ, ಆದರೆ ನೋಡುವ ಕೆಲಸ ನಮ್ಮದೇ. ಅಂಚು ಸವರಿ ನೋಡಿ, ಸಿಬರು ಇದೆಯಾ ಅಂತ. ಚಕ್ರ ಎಳೆದು ನೋಡಿ. ಮೂರು ವರ್ಷದೊಳಗಿನ ಮಗು ಇದ್ದರೆ ಬಾಯೊಳಗೆ ಪೂರ್ತಿ ಹೋಗುವಷ್ಟು ಸಣ್ಣ ತುಂಡು ಯಾವುದೂ ಬೇಡವೇ ಬೇಡ.

ನಾವು ತಂದದ್ದು ಇಷ್ಟು. ಮಗಳಿಗೆ ಕಂಬಕ್ಕೆ ಬಳೆ ಜೋಡಿಸುವ ಆಟಿಕೆ, 380 ರೂಪಾಯಿ. ದಾರ ಕಟ್ಟಿ ಎಳೆಯುವ ಆನೆ, 320. ಮಗನಿಗೆ ಬೆರಳಲ್ಲಿ ತಿರುಗಿಸುವ ಬುಗುರಿ ಆರು, ಒಂದಕ್ಕೆ 30. ಪುಟ್ಟ ಬುಟ್ಟಿಯಲ್ಲಿ ಅಡುಗೆ ಸಾಮಾನು, 550. ಒಂದು ರೈಲು, 900. ಆ ದಿನ ಖುಷಿಯಲ್ಲಿ ಮನೆಗೆ ಬಂದೆವು. ದಾರಿಯಲ್ಲಿ ರಸ್ತೆ ಬದಿಯ ಟಬೂಬಿಯಾ ಮರಗಳು ಎಲೆಯೇ ಕಾಣದ ಹಾಗೆ ಗುಲಾಬಿ ಹೂ ಬಿಟ್ಟು ನಿಂತಿದ್ದವು, ಮಗಳು ಬುಟ್ಟಿ ತಬ್ಬಿಕೊಂಡೇ ನಿದ್ದೆ ಹೋದಳು.

ಮೊದಲ ಮೂರು ವಾರದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹೊಸದು ಯಾವುದೇ ಇದ್ದರೂ ಮಕ್ಕಳು ಆಡುತ್ತಾರೆ, ಅದಕ್ಕೆ ಆಟಿಕೆಗೆ ಅಂಕ ಕೊಡಬೇಕಾಗಿಲ್ಲ.

ಮಾರ್ಚ್ 17, ಸೋಮವಾರ, ಮಗ ಬೆಳಿಗ್ಗೆ ಎದ್ದವನು ತಿಂಡಿ ಬೇಡ ಅಂದ. ಮೈ ಬಿಸಿ. ಮರುದಿನ ಹೊಟ್ಟೆ ಮೇಲೆ ನಾಲ್ಕು ಕೆಂಪು ಚುಕ್ಕೆ, ಸಂಜೆಗೆ ಬೆನ್ನು, ಕುತ್ತಿಗೆ, ತಲೆ ಕೂದಲ ಒಳಗೆಲ್ಲ ನೀರುಗುಳ್ಳೆ. ಅತ್ತೆ ನೋಡಿದ ತಕ್ಷಣ, "ಅಮ್ಮ ಆಗೈತೆ ಕಣಮ್ಮ" ಅಂದರು. ಡಾಕ್ಟರೂ ಅದನ್ನೇ ಹೇಳಿದರು, ಚಿಕನ್‌ಪಾಕ್ಸ್. ಅವನಿಗೆ ಲಸಿಕೆ ಒಂದು ಡೋಸ್ ಆಗಿತ್ತು, ಎರಡನೆಯದು ಉಳಿದಿತ್ತು. ಮಗಳಿಗೆ ಒಂದೂ ಆಗಿರಲಿಲ್ಲ. ಇದು ಸರ್ಕಾರದ ಉಚಿತ ಲಸಿಕೆಗಳ ಪಟ್ಟಿಯಲ್ಲಿ ಇಲ್ಲ, ನಾವೇ ಹಣ ಕೊಟ್ಟು ಹಾಕಿಸಬೇಕು, ಹಾಕಿಸೋಣ ಅಂದುಕೊಂಡಾಗಲೆಲ್ಲ ಅವಳಿಗೆ ನೆಗಡಿಯೋ ಜ್ವರವೋ ಬಂದು ಮುಂದಕ್ಕೆ ಹೋಗುತ್ತಲೇ ಇತ್ತು. ಸಣ್ಣ ಮಕ್ಕಳಿರುವವರು ದಯವಿಟ್ಟು ನಿಮ್ಮ ಡಾಕ್ಟರ ಹತ್ತಿರ ಇದನ್ನು ಕೇಳಿ, ಮುಂದೂಡಬೇಡಿ. ನಾನು ಮುಂದೂಡಿದ್ದಕ್ಕೆ ಇವತ್ತಿಗೂ ನೋವಿದೆ.

ಗುಳ್ಳೆಗಳೆಲ್ಲ ಒಣಗಿ ಹಕ್ಕಳೆ ಕಟ್ಟುವವರೆಗೂ ಹೊರಗೆ ಕಳಿಸುವ ಹಾಗಿಲ್ಲ. ಸ್ಕೂಲಿನ ಕೊನೆಯ ವಾರ, ಗ್ರೂಪ್ ಫೋಟೊ, ಎಲ್ಲ ತಪ್ಪಿತು. ಅತ್ತೆ ಹಾಸಿಗೆ ಸುತ್ತ ಬೇವಿನ ಸೊಪ್ಪು ಇಟ್ಟರು, ಒಗ್ಗರಣೆ ಹಾಕಬೇಡ ಅಂದರು. ಒಗ್ಗರಣೆ ಇಲ್ಲದ ಸಾರು, ಮೊಸರನ್ನ, ಎಳನೀರು. ನಾನು ಡಾಕ್ಟರ್ ಬರೆದ ಲೋಷನ್ ಹಚ್ಚಿದೆ, ಅವರು ಬೇವಿನ ಸೊಪ್ಪಿನಲ್ಲಿ ಮೆಲ್ಲಗೆ ಸವರಿದರು. ಜಗಳ ಏನೂ ಆಗಲಿಲ್ಲ, ಎರಡೂ ನಡೆಯಿತು.

ಆದರೆ ನವೆ. ಹಗಲೂ ರಾತ್ರಿ ನವೆ. ಕೆರೆದರೆ ಕಲೆ ಉಳಿಯುತ್ತದೆ, ಕೀವಾಗುತ್ತದೆ. ಉಗುರು ಕತ್ತರಿಸಿದೆವು. "ಕೆರ್ಕೋಬ್ಯಾಡ ಕಣ್ ಮಗ" ಅಂತ ಅತ್ತೆ ದಿನಕ್ಕೆ ನೂರು ಸಲ ಹೇಳಿರಬೇಕು. ಐದು ವರ್ಷದ ಮಗುವಿಗೆ ಹೇಳಿದರೆ ಎಷ್ಟು ಹೊತ್ತು ನಿಂತೀತು? ಆಗ ಕೈಗೆ ಬಂದದ್ದು ಬುಗುರಿ.

ಆ 30 ರೂಪಾಯಿಯ ಬುಗುರಿ ಬಗ್ಗೆ ನಾನು ಎಷ್ಟು ಬರೆದರೂ ಕಡಿಮೆ. ಅದನ್ನು ತಿರುಗಿಸಲು ಹೆಬ್ಬೆರಳು, ತೋರುಬೆರಳು ಬೇಕೇ ಬೇಕು. ಬುಗುರಿ ಹಿಡಿದ ಕೈ ಕೆರೆಯುವುದಿಲ್ಲ, ಇಷ್ಟೇ ವಿಷಯ. ಮಂಚದ ಮೇಲೆ ಸ್ಟೀಲ್ ತಟ್ಟೆ ಇಟ್ಟುಕೊಂಡು ಅವನು ಒಂದಾದ ಮೇಲೊಂದು ತಿರುಗಿಸುತ್ತಾ ಕೂರುತ್ತಿದ್ದ. ನಾನು ಅದೇ ಕೋಣೆಯಲ್ಲಿ ಲ್ಯಾಪ್‌ಟಾಪ್ ತೆರೆದು ಬಿಲ್ಲು ನೋಡುತ್ತಾ, ಬಾಯಲ್ಲಿ ಒಂದು, ಎರಡು, ಮೂರು ಎಣಿಸುತ್ತಿದ್ದೆ. ಮೊದಲ ದಿನ ಬುಗುರಿ ಎಂಟು ಎಣಿಸುವಷ್ಟರಲ್ಲಿ ಬೀಳುತ್ತಿತ್ತು. ಭಾನುವಾರದ ಹೊತ್ತಿಗೆ ಮೂವತ್ತೊಂದು. ಹಳದಿಗೂ ನೀಲಿಗೂ ಪಟ್ಟಿ ಇರುವ ಬುಗುರಿ ತಿರುಗುವಾಗ ಬಣ್ಣ ಬೆರೆತು ಬೇರೆ ತರಹ ಕಾಣುತ್ತದೆ ಅಂತ ಅವನೇ ಕಂಡುಹಿಡಿದು ಕೂಗಿ ಕರೆದ. ರಾತ್ರಿ ಎರಡು ಗಂಟೆಗೆ ನವೆ ತಡೆಯಲಾರದೆ ಅಳುತ್ತಾ ಎದ್ದಾಗ ಇವರು ಟಾರ್ಚ್ ಹಿಡಿದು ಬುಗುರಿಯ ನೆರಳು ಗೋಡೆ ಮೇಲೆ ಬೀಳಿಸಿದರು. ಅಳು ನಿಂತಿತು. ಆರೂ ಬುಗುರಿ ಸಮತೂಕದಲ್ಲಿದ್ದವು, ಒಂದೂ ಓಲಾಡಲಿಲ್ಲ. ಲೇತ್ ಮುಂದೆ ಕೂತವರ ಕೈ ಎಷ್ಟು ಪಳಗಿರಬೇಕು ಅಂತ ಆಗ ಅನಿಸಿತು.

ಮೊಬೈಲ್ ಕೊಡಲೇ ಇಲ್ಲವಾ ಅಂದರೆ, ಕೊಟ್ಟೆವು. ಜ್ವರ ಇದ್ದ ಎರಡು ದಿನ ಸುಮ್ನೆ ಮಲಗಲಿ ಅಂತ ಕೊಟ್ಟೆ, 20ನೇ ತಾರೀಕು ಜಿಎಸ್‌ಟಿ ರಿಟರ್ನ್ ಹಾಕುವ ದಿನವೂ ಕೊಟ್ಟೆ. ಆಟಿಕೆ ತಂದ ಮಾತ್ರಕ್ಕೆ ಮೊಬೈಲ್ ಮರೆತುಬಿಡುತ್ತಾರೆ ಅಂತ ಯಾರಾದರೂ ಬರೆದಿದ್ದರೆ ನಂಬಬೇಡಿ. ಆದರೆ ಮೊಬೈಲ್ ತೆಗೆದುಕೊಂಡಾಗ ಅಳುತ್ತಾನೆ, ಬುಗುರಿ ಸಾಕು ಅನಿಸಿದಾಗ ಅವನೇ ಇಟ್ಟು ಏಳುತ್ತಾನೆ. ಈ ವ್ಯತ್ಯಾಸ ನನಗೆ ತುಂಬಾ ದೊಡ್ಡದು.

ಅಡುಗೆ ಸಾಮಾನಿಗೆ ಬರೋಣ. ಒಲೆ, ಬಿಂದಿಗೆ, ಕಡಾಯಿ, ಒರಳು ಒನಕೆ, ಬೀಸುಕಲ್ಲು, ಚಪಾತಿ ಮಣೆ, ಲಟ್ಟಣಿಗೆ, ಸೌಟು, ಎರಡು ಲೋಟ. ಬೀಸುಕಲ್ಲು ನಿಜವಾಗಿಯೂ ತಿರುಗುತ್ತದೆ. ಇದನ್ನು ನಾನು ಮಗನಿಗೆ ಅಂತಲೇ ತಂದೆ. ಹುಡುಗನಿಗೆ ಅಡುಗೆ ಸಾಮಾನಾ ಅಂತ ಅಂಗಡಿಯಲ್ಲಿ ಒಬ್ಬರು ಕೇಳಿದರು. ಹೌದು, ಯಾಕಾಗಬಾರದು? ಹೊರಗೆ ಹೋಗಲಾಗದ ಆ ವಾರ ಅಜ್ಜಿಯೂ ಮೊಮ್ಮಗನೂ ಮಂಚದ ಮೇಲೆ ಹೋಟೆಲ್ ಇಟ್ಟರು. ಅತ್ತೆ ಮಳವಳ್ಳಿ ಕಡೆಯವರು, ಚಿಕ್ಕವರಿದ್ದಾಗ ಮಣ್ಣಿನ ಕುಡಿಕೆಯಲ್ಲಿ ಹೀಗೇ ಆಡುತ್ತಿದ್ದದ್ದನ್ನು ಹೇಳುತ್ತಾ ಹೇಳುತ್ತಾ ರಾಗಿ ಬೀಸುವ ಪದವೊಂದನ್ನು ಗುನುಗಿದರು. ಮದುವೆಯಾಗಿ ಎಂಟು ವರ್ಷ, ಅವರು ಹಾಡುತ್ತಾರೆ ಅಂತ ನನಗೆ ಗೊತ್ತೇ ಇರಲಿಲ್ಲ. ಬಾಗಿಲಲ್ಲಿ ನಿಂತು ಕೇಳಿದೆ, ಒಳಗೆ ಹೋಗಲಿಲ್ಲ, ಹೋದರೆ ನಿಲ್ಲಿಸಿಬಿಡುತ್ತಾರೆ ಅಂತ.

ಆದರೆ ಎಚ್ಚರ ಇರಲಿ. ಈ ಸೆಟ್ಟಿನಲ್ಲಿ ಒನಕೆ, ಸೌಟು, ಲೋಟ ತೀರಾ ಸಣ್ಣವು. ಮಗಳು ಲೋಟವನ್ನು ಬಾಯಿಗೆ ಹಾಕಿಕೊಂಡು ಕೆನ್ನೆ ಉಬ್ಬಿಸಿ ನಿಂತದ್ದನ್ನು ನಾನು ನೋಡಿದ್ದು ದೇವರ ದಯೆ. ಬೆರಳು ಹಾಕಿ ತೆಗೆದೆ. ಆ ಕ್ಷಣ ನೆನಸಿಕೊಂಡರೆ ಈಗಲೂ ಕೈ ನಡುಗುತ್ತದೆ. ಅಂದಿನಿಂದ ಬುಟ್ಟಿ ಅಟ್ಟದ ಮೇಲೆ, ಅವಳು ಮಲಗಿದಾಗ ಮಾತ್ರ ಕೆಳಗೆ. ಬುಗುರಿಗೂ ಇದೇ ಮಾತು. ಮನೆಯಲ್ಲಿ ಬೇರೆ ಬೇರೆ ವಯಸ್ಸಿನ ಇಬ್ಬರಿದ್ದರೆ ದೊಡ್ಡವರಿಗೆ ಕೊಂಡದ್ದು ಚಿಕ್ಕವರ ಕೈಗೆ ಸಿಗುತ್ತದೆ ಅಂತಲೇ ಲೆಕ್ಕ ಹಾಕಿ ಕೊಳ್ಳಿ. ಪ್ಯಾಕೆಟ್ ಮೇಲೆ ಎಷ್ಟು ವಯಸ್ಸಿಗೆ ಅಂತ ಬರೆದಿರಬೇಕಿತ್ತು, ನಾವು ತಂದದ್ದರ ಮೇಲೆ ಏನೂ ಇರಲಿಲ್ಲ. ಮಾಡುವವರು ಇದೊಂದನ್ನು ಸರಿ ಮಾಡಿದರೆ ಎಷ್ಟೋ ಉಪಕಾರ.

ಮಾರ್ಚ್ 27ಕ್ಕೆ ಮಗನಿಗೆ ಬೇವಿನ ಸೊಪ್ಪು ಅರಿಶಿನ ಹಾಕಿದ ನೀರಲ್ಲಿ ಸ್ನಾನ ಮಾಡಿಸಿದರು ಅತ್ತೆ. ಮೂರು ದಿನಕ್ಕೆ ಯುಗಾದಿ. ಮನೆಯಲ್ಲಿ ಅಷ್ಟು ದಿನದ ಮೇಲೆ ಒಗ್ಗರಣೆ ಸದ್ದು ಕೇಳಿಸಿತು. ಹಬ್ಬದ ದಿನ ಎಣ್ಣೆ ಸ್ನಾನ, ಬಾಗಿಲಿಗೆ ಮಾವಿನ ತೋರಣ, ಒಬ್ಬಟ್ಟು. ನಾನು ಕಣಕ ನಾದುತ್ತಿದ್ದರೆ ಮಗ ತನ್ನ ಪುಟ್ಟ ಒರಳು ತಂದು ಪಕ್ಕದಲ್ಲೇ ಕೂತು ನಿಜವಾದ ಬೇವಿನ ಹೂವು ಬೆಲ್ಲ ಹಾಕಿ ಕುಟ್ಟಿದ. ಎಲ್ಲರಿಗೂ ಒಂದೊಂದು ಚಿಟಿಕೆ ಹಂಚಿದ. ಆ ಒರಳಿನ ಒಳಗೆ ಬೆಲ್ಲ ಹಿಡಿದುಕೊಂಡು ಇರುವೆ ಮುತ್ತಿದವು, ಒದ್ದೆ ಬಟ್ಟೆಯಲ್ಲಿ ಎರಡು ಸಲ ಒರೆಸಿದ ಮೇಲೆ ಹೋಯಿತು. ಅರಗಿನ ಬಣ್ಣ ಒಂದಿಷ್ಟೂ ಬಿಡಲಿಲ್ಲ. ಬಿಳಿ ಬಟ್ಟೆಯಲ್ಲೇ ಒರೆಸಿ ನೋಡಿದ್ದೇನೆ.

ಏಪ್ರಿಲ್ 1, ಮಂಗಳವಾರ. ಮಗಳ ಕಿವಿಯ ಹಿಂದೆ ಒಂದು ಚುಕ್ಕೆ. ಮನೆಯಲ್ಲಿ ಒಬ್ಬರಿಗೆ ಬಂದ ಮೇಲೆ ಇನ್ನೊಬ್ಬರಿಗೆ 10ರಿಂದ 21 ದಿನದೊಳಗೆ ಬರಬಹುದು ಅಂತ ಡಾಕ್ಟರ್ ಹೇಳಿದ್ದರು. ಸರಿಯಾಗಿ ಎರಡು ವಾರ. ಗೊತ್ತಿದ್ದರೂ ನಾನು ಅಡುಗೆ ಮನೆಗೆ ಹೋಗಿ ಎರಡು ನಿಮಿಷ ಅತ್ತುಬಿಟ್ಟೆ. ಲಸಿಕೆ ಆಗದ ಕಾರಣ ಅವಳಿಗೆ ಅಣ್ಣನಿಗಿಂತ ಜಾಸ್ತಿ ಎದ್ದವು, ಬಾಯೊಳಗೂ.

ಎರಡು ವರ್ಷದ ಮಗುವಿಗೆ ಬುಗುರಿ ತಿರುಗಿಸಲು ಬರುವುದಿಲ್ಲ. ಅಣ್ಣ ತಿರುಗಿಸುತ್ತಾನೆ, ಇವಳು ಹಿಡಿಯಲು ಹೋಗಿ ನಿಲ್ಲಿಸುತ್ತಾಳೆ, ಅವನು ಕೂಗುತ್ತಾನೆ, ಇವಳು ಅಳುತ್ತಾಳೆ. ಅವಳನ್ನು ಹಿಡಿದಿಟ್ಟದ್ದು ಬಳೆ ಕಂಬ. ಅದನ್ನು ಕಂಬಕ್ಕೆ ಹಾಕುವುದಕ್ಕಿಂತ ತನ್ನ ಕೈಗೆ ಹಾಕಿಕೊಳ್ಳುವುದೇ ಜಾಸ್ತಿ. ಅಜ್ಜಿಯ ಹಾಗೆ ಎರಡೂ ಕೈಗೆ ಬಳೆ ಏರಿಸಿಕೊಂಡು, ನನ್ನ ಕೈಗೂ ಒಂದು ಹಾಕಿ, ಮತ್ತೆ ಎಲ್ಲವನ್ನೂ ತೆಗೆದು ಎಣಿಸುವುದು. ಒಂದು, ಎಡು, ನಾಕು. ಮೂರು ಅವಳ ಲೆಕ್ಕದಲ್ಲಿ ಇಲ್ಲ. ಹೀಗೆ ಒಂದೇ ಸಮ ಇಪ್ಪತ್ತು ನಿಮಿಷ ಕೂತದ್ದೂ ಇದೆ. ನನ್ನಂಥವರಿಗೆ ಇಪ್ಪತ್ತು ನಿಮಿಷ ಅಂದರೆ ಏನು ಅಂತ ಮಕ್ಕಳಿರುವವರಿಗೆ ಗೊತ್ತು. ಬಾಯಲ್ಲಿ ಕಚ್ಚಿದ ಗುರುತು ಒಂದೆರಡು ಕಡೆ ಬಿದ್ದಿದೆ, ಬಣ್ಣ ಮಾತ್ರ ಎದ್ದಿಲ್ಲ.

ಅದೇ ಬಳೆಗಳಿಂದ ಒಂದು ಪಾಠವೂ ಆಯಿತು. ಅವಳ ಸ್ನಾನಕ್ಕೆ ಅಂತ ಬಿಸಿಲಿಗೆ ಇಟ್ಟಿದ್ದ ಬೇವಿನ ನೀರಿನ ಬಕೆಟ್ಟಿಗೆ ಐದೂ ಬಳೆ ಹಾಕಿಬಿಟ್ಟಳು. ನಾವು ನೋಡುವಷ್ಟರಲ್ಲಿ ಒಂದು ಗಂಟೆ ಆಗಿರಬೇಕು. ಹೊಳಪು ಮಸುಕಾಯಿತು, ಮರ ನೀರು ಕುಡಿದು ಊದಿ ಎರಡು ಬಳೆ ಕಂಬಕ್ಕೆ ಇಳಿಯಲೇ ಇಲ್ಲ. ನೆರಳಲ್ಲಿ ಗಾಳಿಗೆ ನಾಲ್ಕೈದು ದಿನ ಇಟ್ಟ ಮೇಲೆ ಇಳಿಯಿತು. ಒಣ ಬಟ್ಟೆಯಲ್ಲಿ ಉಜ್ಜಿದೆ, ಹೊಳಪು ಮುಕ್ಕಾಲು ಪಾಲು ಬಂತು, ಪೂರ್ತಿ ಬರಲಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಬಹುದು, ನೆನೆಸಬಾರದು. ಬಿಸಿಲಿಗೆ ಒಣಗಿಸಲೂ ಬೇಡಿ, ನಿಲ್ಲಿಸಿದ ಕಾರಿನೊಳಗೂ ಬಿಡಬೇಡಿ. ಅರಗು ಬಿಸಿಗೆ ಮೆತ್ತಗಾಗುವ ವಸ್ತು. ಕಾಯಿಲೆ ಇದೆ ಅಂತ ಆಟಿಕೆಯನ್ನು ಕುದಿಯುವ ನೀರಿಗೆ ಹಾಕಬೇಕಾ ಅಂತ ಡಾಕ್ಟರನ್ನು ಕೇಳಿದೆ. ಇದು ಹೆಚ್ಚಾಗಿ ಉಸಿರಿನಿಂದ, ಗುಳ್ಳೆಯ ನೀರಿನಿಂದ ಹರಡುವುದು, ಒರೆಸಿಟ್ಟರೆ ಸಾಕು ಅಂದರು.

ಎಳೆಯುವ ಆನೆ ಗಟ್ಟಿ. ದಾರ ಒಂದು ಸಲ ಕಿತ್ತುಹೋಯಿತು, ಬೇರೆ ಕಟ್ಟಿದೆ. ಟಕ ಟಕ ಸದ್ದು ಜೋರು. ಕೆಳಗಿನ ಮನೆಯವರು ಮಧ್ಯಾಹ್ನ ಮಲಗುವ ಹೊತ್ತಿಗೆ ಬಾಗಿಲು ತಟ್ಟಿದರು, ತಪ್ಪು ನಮ್ಮದೇ. ಈಗ ಆನೆಗೆ ಎರಡರಿಂದ ನಾಲ್ಕು ಗಂಟೆವರೆಗೆ ನಿದ್ದೆ. ಮಗಳು ಅದಕ್ಕೆ ಕರವಸ್ತ್ರ ಹೊದಿಸಿ ಶ್ ಅಂತಾಳೆ.

ಇನ್ನು ರೈಲು. ಇದನ್ನು ಬರೆಯಲು ಮನಸ್ಸಿಲ್ಲ, ಆದರೂ ಬರೆಯಬೇಕು. ಎಲ್ಲವನ್ನೂ ಒಂದೇ ಕಡೆ ಕೊಂಡದ್ದಲ್ಲ, ರೈಲು ಕೊಂಡದ್ದು ಬೇರೊಂದು ಅಂಗಡಿಯಲ್ಲಿ, ಹೆಸರು ಹೇಳುವುದಿಲ್ಲ. ಚಕ್ರ, ಹೊಗೆ ಕೊಳವೆ ಅರಗಿನ ಕೆಲಸ, ಚೆನ್ನಾಗಿದೆ. ಡಬ್ಬಿಯ ಗೋಡೆಗಳು ಹಲಗೆ. ಇದೂ ಅರಗೇನಾ ಅಂತ ಕೇಳಿದ್ದಕ್ಕೆ ಎಲ್ಲಾ ಅರಗೇ ಮೇಡಂ ಅಂದರು. ಒಂದು ಗಂಟೆ ಮುಂಚೆ ತಾನೇ ಕಣ್ಣಾರೆ ನೋಡಿ ಬಂದಿದ್ದೆ, ಹಲಗೆಗೆ ಅರಗು ಹೀಗೆ ಹತ್ತುವುದಿಲ್ಲ ಅಂತ. ಮಗ ರೈಲು ಬಿಡಲಿಲ್ಲ, ನಾನೂ ಸುಮ್ಮನಾದೆ. ಹತ್ತು ದಿನಕ್ಕೆ ಮೂಲೆಗಳಲ್ಲಿ ಕೆಂಪು ಬಣ್ಣ ಪದರ ಪದರವಾಗಿ ಎದ್ದಿತು, ಒಂದು ಚಕ್ರದ ಗೂಟ ಕಳಚಿ ಕೈಗೆ ಬಂತು. ಫೋನ್ ಮಾಡಿದರೆ ಮಾರಿದ ಮೇಲೆ ಬದಲಾಯಿಸುವುದಿಲ್ಲ ಅಂದರು. 900 ರೂಪಾಯಿ ಹೋಯಿತು ಅನ್ನುವುದಕ್ಕಿಂತ ಕೇಳಿದ ಪ್ರಶ್ನೆಗೆ ಸರಿಯಾಗಿ ಉತ್ತರ ಹೇಳಲಿಲ್ಲ ಅನ್ನುವುದೇ ನನಗೆ ಬೇಸರ. ಮಗು ಬಾಯಿಗೆ ಹಾಕುವ ವಸ್ತು ಅಲ್ವಾ ಅದು. ಆ ರೈಲನ್ನು ಈಗ ಷೋಕೇಸಿನಲ್ಲಿ ಎತ್ತರದಲ್ಲಿ ಇಟ್ಟಿದ್ದೇವೆ. ಕಲಾನಗರದ ಆ ಹೆಂಗಸು ತಮ್ಮ ಸಾಮಾನಿನಲ್ಲಿ ಯಾವುದಕ್ಕೆ ಅರಗು, ಯಾವುದಕ್ಕೆ ಪೇಂಟು ಅಂತ ಕೇಳುವ ಮುಂಚೆಯೇ ಬೇರೆ ಮಾಡಿ ತೋರಿಸಿದ್ದರು. ನೇರವಾಗಿ ಮಾಡುವವರಿಂದಲೇ ಕೊಳ್ಳಿ ಅಂತ ನಾನು ಹೇಳುವುದು ಇದಕ್ಕೇ. ಹಣವೂ ಅವರ ಕೈಗೇ ಸೇರುತ್ತದೆ. ಅಷ್ಟು ದೂರ ಹೋಗಲು ಆಗದವರಿಗೆ ಬೆಂಗಳೂರಿನಲ್ಲಿ ಕಾವೇರಿ ಎಂಪೋರಿಯಂ ಇದೆ, ಸರ್ಕಾರಿ ಕರಕುಶಲ ನಿಗಮದ್ದು, ಚೌಕಾಸಿ ಇಲ್ಲ. ರಸ್ತೆ ಬದಿಯಲ್ಲಿ ಕೊಳ್ಳುವುದಾದರೆ ಅದೇ ಅಂಗಡಿಗಳಲ್ಲಿ ಪ್ಲಾಸ್ಟಿಕ್ ಸಾಮಾನೂ ಸಾಲಾಗಿ ಇಟ್ಟಿರುತ್ತಾರೆ, ನೋಡಿಕೊಳ್ಳಿ.

ಬೆಲೆ ಜಾಸ್ತಿ ಅಂತ ಅನಿಸಬಹುದು. ರೈಲು ಬಿಟ್ಟರೆ ನಾವು ಖರ್ಚು ಮಾಡಿದ್ದು 1,430 ರೂಪಾಯಿ. ಹೋದ ವರ್ಷ ಇದೇ ಹೊತ್ತಿಗೆ ತಂದಿದ್ದ ಬ್ಯಾಟರಿ ಕಾರು 1,200, ಅದು ಯುಗಾದಿಗೆ ತಂದು ರಾಮನವಮಿಗೆ ಕೆಟ್ಟಿತ್ತು. ಬುಗುರಿ ಕೆಡಲು ಅದರಲ್ಲಿ ಏನಿದೆ ಹೇಳಿ.

ಈಗ ಏಪ್ರಿಲ್ ಕೊನೆ. ಇಬ್ಬರಿಗೂ ಗುಣವಾಗಿದೆ. ಮಗಳ ಹಣೆಯಲ್ಲಿ ಎರಡು ಸಣ್ಣ ಕಲೆ ಉಳಿದಿವೆ, ಮಗನಿಗೆ ಒಂದೂ ಇಲ್ಲ. ಬುಗುರಿ ಆರರಲ್ಲಿ ನಾಲ್ಕು ಉಳಿದಿವೆ. ಒಂದು ಎಲ್ಲಿ ಹೋಯಿತೋ ಸಿಕ್ಕಿಲ್ಲ. ಇನ್ನೊಂದನ್ನು ಮಗ ಎದುರು ಮನೆಯ ಹುಡುಗನಿಗೆ ಕೊಟ್ಟು ಬಂದ. ಆ ಹುಡುಗನಿಗೆ ನಿನ್ನೆ ಮೈಮೇಲೆ ಚುಕ್ಕೆ ಎದ್ದಿವೆಯಂತೆ.